ಹೊಟ್ಟೆಯ ಮಾತ್ರೆ ಹೊಟ್ಟೆಯಲ್ಲೇ ನಿಲ್ಲುವುದಿಲ್ಲ

ಹೃದಯದ ಕವಾಟ ಬದಲಿಸಿದ ಮೇಲೆ ನಿಮ್ಮ ತಾಯಿಯವರಿಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ಕೊಟ್ಟಿದ್ದಾರೆ, ಸೊಪ್ಪನ್ನು ಪೂರ್ತಿ ಬಿಡಿಸಬೇಕೇ ಎಂದು ಕೇಳಿದ್ದೀರಿ. ಬಿಡಿಸಬೇಡಿ. ಆದರೆ ನಾನು ಈ ಉತ್ತರ ಬರೆಯಲು ಕುಳಿತಿದ್ದು ನೀವು ಕೊನೆಯಲ್ಲಿ ಸೇರಿಸಿದ ಇನ್ನೊಂದು ಸಾಲಿಗಾಗಿ: 'ಜ್ವರ, ಭೇದಿಯಂಥ ಸಣ್ಣಪುಟ್ಟದಕ್ಕೆ ಅಂಗಡಿಯಿಂದ ಮಾಮೂಲಿ ಮಾತ್ರೆ ತಂದುಕೊಡುತ್ತೇವೆ, ಅದರಿಂದೇನೂ ತೊಂದರೆ ಇಲ್ಲ ತಾನೇ?' ನನ್ನ ಎಡಗಾಲು ಇಂದಿಗೂ ಕೈಯಾಸರೆಯಿಲ್ಲದೆ ಬಸ್ಸಿನ ಮೆಟ್ಟಿಲು ಹತ್ತದಿರುವುದಕ್ಕೆ ಅಂಥದೇ ಒಂದು ಮಾಮೂಲಿ ಮಾತ್ರೆ ಕಾರಣ.

ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರ ನನ್ನ ಹೃದಯದ ಮೈಟ್ರಲ್ ಕವಾಟವನ್ನು ಹಾಳು ಮಾಡಿತ್ತು. 39ನೇ ವಯಸ್ಸಿನಲ್ಲಿ ಅದನ್ನು ತೆಗೆದು ಕೃತಕ ಕವಾಟ ಹಾಕಿದರು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು, 1990ರ ಡಿಸೆಂಬರ್‌ನಲ್ಲಿ ಮೊದಲ ಸಲ ಮನುಷ್ಯರಿಗೆ ಅಳವಡಿಸಿದ ಮಾದರಿಯದು. ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಎದೆಯೊಳಗೆ ಅದರ ಟಿಕ್ ಟಿಕ್ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತದೆ. ಇಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು ಆಗುತ್ತದೆ. ಅದನ್ನು ತಡೆಯಲು ಜೀವನಪೂರ್ತಿ ವಾರ್ಫರಿನ್ ಬೇಕು. ನಾನು ರಾತ್ರಿ 5 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೆ, ತಿಂಗಳಿಗೊಮ್ಮೆ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಿದ್ದೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಸಂಖ್ಯೆಯದು, ಅದು ಏರಿದಷ್ಟೂ ರಕ್ತಸ್ರಾವದ ಭಯ ಹೆಚ್ಚು. ವೈದ್ಯರು ಹೇಳಿದ್ದ 2.5ರಿಂದ 3.5ರ ಗಡಿಯೊಳಗೆ ಎರಡು ವರ್ಷ ಅದು ಅಲುಗದೆ ನಿಂತಿತ್ತು.

ಮಂಡ್ಯದ ಕಡೆ ಬೀಗರ ಊಟ ಹೇಗಿರುತ್ತದೆಂದು ತಿಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾದಿನಿಯ ಮಗಳ ಮದುವೆಯ ಬೀಗರೂಟ ಮುಗಿಸಿ ಬಂದ ರಾತ್ರಿಯೇ ಹೊಟ್ಟೆ ಕೆಟ್ಟಿತು. ಬೆಳಿಗ್ಗೆ ಶಾಲೆಗೆ ಹೋಗುವ ಅವಸರದಲ್ಲಿ ಬಸ್ ನಿಲ್ದಾಣದ ಎದುರಿನ ಔಷಧದಂಗಡಿಯಲ್ಲಿ ನಿಂತು ಹೇಳಿಕೊಂಡೆ. ಅಂಗಡಿಯ ಹುಡುಗ ಮೆಟ್ರೋನಿಡಜೋಲ್ 400 ಮಿಲಿಗ್ರಾಂ ಪಟ್ಟಿಯನ್ನು ಕತ್ತರಿಸುತ್ತಾ, ದಿನಕ್ಕೆ ಮೂರು, ಐದು ದಿನ ಎಂದು ಹೇಳಿ, 'ಮೇಡಂ, ಬೇರೆ ಏನಾದರೂ ಮಾತ್ರೆ ತಗೊಳ್ತಾ ಇದ್ದೀರಾ?' ಎಂದು ಕೇಳಿದ. ನಾನು 'ಇಲ್ಲಪ್ಪ' ಎಂದೆ.

ಆ 'ಇಲ್ಲಪ್ಪ' ಹೇಗೆ ಬಾಯಿಂದ ಬಂತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹುಡುಗ ಕೇಳಬೇಕಾದ್ದನ್ನೇ ಕೇಳಿದ್ದ, ಆದ್ದರಿಂದ ಅವನದು ತಪ್ಪಲ್ಲ. ನಾನೂ ಏನನ್ನೋ ಮುಚ್ಚಿಡಬೇಕೆಂದು ಸುಳ್ಳು ಹೇಳಲಿಲ್ಲ. ಎರಡು ವರ್ಷ ದಿನವೂ ನುಂಗಿದ ವಾರ್ಫರಿನ್ ಉಪ್ಪು, ಎಣ್ಣೆಯಂತೆ ದಿನಚರಿಯ ಭಾಗವಾಗಿಬಿಟ್ಟಿತ್ತು. 'ಮಾತ್ರೆ' ಎಂದ ಕೂಡಲೇ ಅದು ನೆನಪಿಗೆ ಬರುತ್ತಲೇ ಇರಲಿಲ್ಲ. ಒಂದು ವೇಳೆ ನೆನಪಾಗಿದ್ದರೂ ಹೇಳುತ್ತಿದ್ದೆನೆಂಬ ಭರವಸೆ ನನಗಿಲ್ಲ, ಏಕೆಂದರೆ ಹೃದಯದ ಮಾತ್ರೆ ಹೃದಯಕ್ಕೆ ಹೋಗುತ್ತದೆ, ಹೊಟ್ಟೆಯ ಮಾತ್ರೆ ಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ, ಒಂದರ ದಾರಿಗೆ ಇನ್ನೊಂದು ಬರುವುದಿಲ್ಲ ಎಂದು ನಾನು ಮನಸಾರೆ ನಂಬಿದ್ದೆ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲಿಯೂ ನನಗೆ ಕಂಡದ್ದು ಅದೇ ನಂಬಿಕೆ.

ಆ ನಂಬಿಕೆ ಎಲ್ಲಿ ತಪ್ಪುತ್ತದೆ ಎಂಬುದನ್ನು ಆಮೇಲೆ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ಯುವ ವೈದ್ಯೆ ನನ್ನ ಹಾಸಿಗೆಯ ಪಕ್ಕ ಕುಳಿತು ವಿವರಿಸಿದರು. ನುಂಗಿದ ಮಾತ್ರೆ ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ರಕ್ತ ಹೋದಲ್ಲೆಲ್ಲ ಹೋಗುತ್ತದೆ. ಅದಕ್ಕೆ ವಿಳಾಸವಿಲ್ಲ, ತನಗೆ ಒಗ್ಗುವ ಪ್ರೋಟೀನು ಎಲ್ಲಿ ಸಿಕ್ಕಿದರೆ ಅಲ್ಲಿ ಅಂಟಿಕೊಳ್ಳುತ್ತದೆ. ಇತ್ತ ಯಕೃತ್ತು ಬಂದ ಔಷಧಗಳನ್ನು ಒಂದೊಂದಾಗಿ ಒಡೆದು ಹೊರಹಾಕುತ್ತಿರುತ್ತದೆ. ನಾನು ಆಲೆಮನೆಯ ಪಕ್ಕದಲ್ಲಿ ಬೆಳೆದವಳಾದ್ದರಿಂದ ಅದನ್ನು ಗಾಣವೆಂದೇ ಅರ್ಥಮಾಡಿಕೊಂಡೆ. ದಿನಕ್ಕೊಂದು ಗಾಡಿ ಕಬ್ಬು ಬರುತ್ತದೆ, ಗಾಣ ದಿನಕ್ಕೊಂದು ಗಾಡಿಯಷ್ಟು ಅರೆಯುತ್ತದೆ, ಅಂಗಳದಲ್ಲಿ ಕಬ್ಬಿನ ರಾಶಿ ಸದಾ ಒಂದೇ ಎತ್ತರದಲ್ಲಿರುತ್ತದೆ. ನನ್ನ 5 ಮಿಲಿಗ್ರಾಂ ಲೆಕ್ಕ ಕುದುರಿದ್ದು ಆ ಹೊಂದಾಣಿಕೆಯ ಮೇಲೆ. ವಾರ್ಫರಿನ್‌ನಲ್ಲಿ ಎಡ ಬಲ ಕೈಗಳಂತೆ ಎರಡು ರೂಪಗಳಿವೆ. ಹೆಚ್ಚು ಶಕ್ತಿಯುಳ್ಳ ರೂಪವನ್ನು ಅರೆಯುವ ಗಾಣದ ಹೆಸರು ಸಿವೈಪಿ2ಸಿ9 ಎಂಬ ಕಿಣ್ವ. ಮೆಟ್ರೋನಿಡಜೋಲ್ ಆ ಗಾಣಕ್ಕೇ ಅಡ್ಡಗಾಲು ಹಾಕುತ್ತದೆ. ಕಬ್ಬು ಬರುವುದು ನಿಲ್ಲಲಿಲ್ಲ, ಅರೆಯುವುದು ನಿಧಾನವಾಯಿತು, ರಾಶಿ ಏರುತ್ತಾ ಹೋಯಿತು. ನಾನು ವಾರ್ಫರಿನ್ನಿನ ಒಂದು ಚೂರನ್ನೂ ಹೆಚ್ಚಿಗೆ ನುಂಗದೆ ಎಷ್ಟೋ ಹೆಚ್ಚಿಗೆ ನುಂಗಿದವಳಂತಾದೆ.

ಮೊದಲ ಮೂರು ದಿನ ಏನೂ ಆಗಲಿಲ್ಲ. ಭೇದಿ ನಿಂತಿತು, ನಾನು ಸಮಾಧಾನದಿಂದ ಶಾಲೆಗೆ ಹೋದೆ. ಈ ಮೂರು ದಿನಗಳ ಮೋಸವನ್ನು ನೀವು ಚೆನ್ನಾಗಿ ತಿಳಿದುಕೊಳ್ಳಬೇಕು. ನಮ್ಮ ಜನ ವಾರ್ಫರಿನ್ ಅನ್ನು ರಕ್ತ ತೆಳು ಮಾಡುವ ಮಾತ್ರೆ ಎನ್ನುತ್ತಾರೆ. ಅದು ರಕ್ತವನ್ನು ಒಂದಿಷ್ಟೂ ತೆಳು ಮಾಡುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಯಕೃತ್ತು ತಯಾರಿಸುತ್ತದೆ, ಅವು ಕೆಲಸಕ್ಕೆ ಬರಬೇಕಾದರೆ ಕೆ ವಿಟಮಿನ್‌ನ ನೆರವಿನಿಂದ ಅವುಗಳಿಗೆ ಕ್ಯಾಲ್ಸಿಯಂ ಹಿಡಿಯುವ ಕೊಕ್ಕೆ ಕೂಡಿಕೊಳ್ಳಬೇಕು. ಒಮ್ಮೆ ಬಳಕೆಯಾದ ಕೆ ವಿಟಮಿನ್ ಅನ್ನು ಮತ್ತೆ ಹೊಸದಾಗಿಸುವ ಕಿಣ್ವವನ್ನು ವಾರ್ಫರಿನ್ ತಡೆಯುತ್ತದೆ, ಹಾಗಾಗಿ ಕೊಕ್ಕೆಯಿಲ್ಲದ ಪ್ರೋಟೀನುಗಳು ಹೊರಬರುತ್ತವೆ. ಆದರೆ ಮೊದಲೇ ತಯಾರಾಗಿ ರಕ್ತದಲ್ಲಿರುವ ಒಳ್ಳೆಯ ಪ್ರೋಟೀನುಗಳು ಸವೆಯುವವರೆಗೂ ದೇಹ ಹೇಗೋ ನಿಭಾಯಿಸುತ್ತದೆ: ಅವುಗಳಲ್ಲಿ 7ನೇ ಅಂಶವೆಂಬ ಪ್ರೋಟೀನು ಸುಮಾರು ಆರು ಗಂಟೆಗಳಲ್ಲಿ ಅರ್ಧವಾದರೆ, ಪ್ರೋಥ್ರಾಂಬಿನ್ ಎಂಬ ಇನ್ನೊಂದು ಅರ್ಧವಾಗಲು ಎರಡೂವರೆ ದಿನಗಳೇ ಬೇಕು. ವಾರ್ಫರಿನ್ ಕೂಡ ಅರ್ಧಕ್ಕಿಳಿಯಲು ಸುಮಾರು 40 ಗಂಟೆ ತೆಗೆದುಕೊಳ್ಳುವುದರಿಂದ ರಾಶಿ ಏರುವುದೂ ನಿಧಾನ. ಇಂದು ಮಾಡಿದ ತಪ್ಪು ಇಂದು ಕಾಣುವುದೇ ಇಲ್ಲ.

ನಾಲ್ಕನೆಯ ಬೆಳಿಗ್ಗೆ ಹಲ್ಲುಜ್ಜಿ ಉಗಿದಾಗ ನೊರೆ ಗುಲಾಬಿ ಬಣ್ಣದ್ದಾಗಿತ್ತು. ಬ್ರಷ್ ಗಡುಸಾಯಿತೆಂದುಕೊಂಡೆ. ಸಂಜೆ ಸೀರೆ ಬದಲಿಸುವಾಗ ತೊಡೆಯ ಮೇಲೆ ಅಂಗೈಯಗಲ ನೇರಳೆ ಕಲೆ ಕಂಡಿತು, ಮೇಜಿನ ಅಂಚು ತಾಗಿರಬೇಕೆಂದುಕೊಂಡೆ. ಐದನೆಯ ದಿನ ಸ್ನಾನದ ಮಣೆಯಿಂದ ಏಳಲು ಹೋದರೆ ಎಡತೊಡೆಯ ಸಂದಿನಲ್ಲಿ ಕತ್ತರಿಸುವಂಥ ನೋವು. ಕಾಲನ್ನು ನೀಟಲು ಆಗುತ್ತಿಲ್ಲ, ಮೊಣಕಾಲು ಸೋತು ಅಲ್ಲೇ ಕುಸಿದೆ. ಆಸ್ಪತ್ರೆಯಲ್ಲಿ ಐಎನ್‌ಆರ್ 9.2 ಬಂದಿತು. ಹೊಟ್ಟೆಯ ಹಿಂಭಾಗದಿಂದ ತೊಡೆಗೆ ಇಳಿಯುವ ಸ್ನಾಯುವಿನೊಳಗೆ ರಕ್ತ ತುಂಬಿ, ಕಾಲಿಗೆ ಹೋಗುವ ನರವನ್ನು ಒತ್ತಿ ಹಿಡಿದಿತ್ತು. ವೈದ್ಯರಿಗೂ ಅದು ಸುಲಭದ ಚಿಕಿತ್ಸೆಯಾಗಿರಲಿಲ್ಲ: ಕೆ ವಿಟಮಿನ್ ಹೆಚ್ಚು ಕೊಟ್ಟರೆ ಕವಾಟ ಹೆಪ್ಪುಗಟ್ಟುವ ಭಯ, ಕೊಡದಿದ್ದರೆ ರಕ್ತಸ್ರಾವ ನಿಲ್ಲದ ಭಯ. ಪ್ಲಾಸ್ಮಾ ಏರಿಸಿ, ಕೆ ವಿಟಮಿನ್ ಅನ್ನು ಅಳೆದು ಅಳೆದು ಕೊಟ್ಟು, 11 ದಿನ ಇಟ್ಟುಕೊಂಡರು. ಎಂಟು ತಿಂಗಳು ನಾನು ನಿಂತು ಪಾಠ ಮಾಡಲಿಲ್ಲ.

ಈ ಮದ್ದಿನ ಹುಟ್ಟು ತಿಳಿದ ಮೇಲೆ ನನಗೆ ಅದರ ಮೇಲಿನ ಗೌರವ ಹೆಚ್ಚಿತು. 1920ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಬೂಷ್ಟು ಹಿಡಿದ ಸಿಹಿ ಕ್ಲೋವರ್ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಹಿಮದಲ್ಲೇ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿತು. ಆ ವಸ್ತುವಿನ ರಾಸಾಯನಿಕ ಬಳಗಕ್ಕೇ ಸೇರಿದ ವಾರ್ಫರಿನ್ ಮೊದಲು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ, ಆಮೇಲೆ 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ದನ ಕಟ್ಟಿದ ಮನೆಯಲ್ಲಿ ಬೆಳೆದ ನನಗೆ ಆ ರೈತನ ಸಂಕಟ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ಸೊಪ್ಪಿನ ವಿಚಾರ. ನುಗ್ಗೆ, ಪಾಲಕ್, ಹರಿವೆಗಳಲ್ಲಿ ಕೆ ವಿಟಮಿನ್ ಹೇರಳವಾಗಿದೆ, ನಿಜ. ಆದರೆ ನಿಮ್ಮ ತಾಯಿಯವರ ಮಾತ್ರೆಯ ಪ್ರಮಾಣವನ್ನು ಅವರು ಉಣ್ಣುವ ಊಟದ ಮೇಲೆಯೇ ಹೊಂದಿಸಲಾಗುತ್ತದೆ. ಸೊಪ್ಪನ್ನು ಇದ್ದಕ್ಕಿದ್ದಂತೆ ಬಿಡಿಸಿದರೆ ಐಎನ್‌ಆರ್ ಏರುತ್ತದೆ, ಆಮೇಲೆ ಹಬ್ಬಕ್ಕೆಂದು ಒಂದು ದಿನ ತಿಂದರೆ ಸರ್ರನೆ ಇಳಿಯುತ್ತದೆ. ವಾರಕ್ಕೆ ಮೂರು ದಿನ ಬಸ್ಸಾರು ಉಣ್ಣುವ ಮನೆಯಾದರೆ ಮೂರು ದಿನವೂ ಅವರಿಗೆ ಬಡಿಸಿ. ಯಾವ ವಾರವೂ ಅದು ಆರಾಗದಂತೆ, ಸೊನ್ನೆಯಾಗದಂತೆ ನೋಡಿಕೊಂಡರೆ ಸಾಕು.

ನೀವು ಹೆದರಬೇಕಾದದ್ದು ಅಂಗಡಿಯ ಮಾತ್ರೆಗೆ. ಡೈಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮನೆಯಲ್ಲೇ ಇರಬಾರದು. ಅವು ಜಠರದ ಒಳಪದರವನ್ನು ಕೆರಳಿಸುತ್ತವೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳನ್ನೂ ಮಂಕು ಮಾಡುತ್ತವೆ. ಪ್ಯಾರಸಿಟಮಾಲ್ ಒಂದೆರಡು ಮಾತ್ರೆಗೆ ಭಯವಿಲ್ಲ, ಆದರೆ ದಿನಕ್ಕೆ ನಾಲ್ಕರಂತೆ ಹಲವು ದಿನ ಮುಂದುವರಿದರೆ ಅದೂ ಐಎನ್‌ಆರ್ ಏರಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಗಾಣದ ವೇಗವನ್ನೇ ಹೆಚ್ಚಿಸಿ ವಾರ್ಫರಿನ್ನನ್ನು ನಿಷ್ಫಲ ಮಾಡುತ್ತದೆ. ಕಷಾಯ, ಚೂರ್ಣಗಳನ್ನೂ ವೈದ್ಯರಿಗೆ ಹೇಳಲೇಬೇಕು. ಪರೀಕ್ಷೆ ಬೇಡದ ಹೊಸ ಮಾತ್ರೆಗೆ ಬದಲಾಯಿಸೋಣವೆಂದು ಯಾರಾದರೂ ಹೇಳಿದರೆ, ಕವಾಟ ಕೃತಕವೋ ಪ್ರಾಣಿಯದೋ ಎಂದು ಮೊದಲು ಕೇಳಿ. ಕೃತಕ ಕವಾಟದವರಿಗೆ ಡಾಬಿಗಟ್ರಾನ್ ಎಂಬ ಅಂಥದೊಂದು ಹೊಸ ಮಾತ್ರೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪೂ ರಕ್ತಸ್ರಾವವೂ ಹೆಚ್ಚಾಗಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಅನಿವಾರ್ಯವಾಗಿ ಬೇರೆ ಮಾತ್ರೆ ಬೇಕಾದರೆ, ಅದನ್ನು ಬರೆದುಕೊಡುವ ವೈದ್ಯರ ಮುಂದೆ ಮೊದಲ ಮಾತಾಗಿಯೇ ವಾರ್ಫರಿನ್ ಹೆಸರನ್ನು ಹೇಳಿ, ಮೂರು ನಾಲ್ಕು ದಿನಗಳೊಳಗೆ ಐಎನ್‌ಆರ್ ಮಾಡಿಸಬೇಕೇ ಎಂದು ನೀವಾಗಿಯೇ ಕೇಳಿ. ಪ್ರಮಾಣವನ್ನು ಮಾತ್ರ ಮನೆಯಲ್ಲೇ ಹೆಚ್ಚು ಕಡಿಮೆ ಮಾಡಬೇಡಿ. ನನ್ನ ಪರ್ಸಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಚೀಟಿ ಇದೆ. ಅದರಲ್ಲಿ ನನ್ನ ಕವಾಟದ ವಿವರ, ವಾರ್ಫರಿನ್ ಪ್ರಮಾಣ, ಕೊನೆಯ ಐಎನ್‌ಆರ್ ಮತ್ತು ಮಗನ ಫೋನ್ ನಂಬರ್ ಇವೆ. ಈಗ ಔಷಧದಂಗಡಿಯಲ್ಲಿ ಕೆಮ್ಮಿನ ಲೇಹ್ಯ ಕೇಳುವ ಮೊದಲು ಆ ಚೀಟಿಯನ್ನು ಗಾಜಿನ ಮೇಲಿಡುತ್ತೇನೆ. ನಿಮ್ಮ ತಾಯಿಯವರಿಗೂ ಈ ವಾರವೇ ಒಂದು ಬರೆದುಕೊಡಿ.