ನಾರು ಜಾಸ್ತಿ ಹಾಕಿದಷ್ಟೂ ಪ್ಲಾಸ್ಟಿಕ್ ಗಟ್ಟಿ ಆಗುವುದಿಲ್ಲ

ತೆಂಗಿನ ನಾರು, ಕತ್ತಾಳೆ ನಾರು, ಬಾಳೆ ನಾರು ಬೆರೆಸಿ ಪ್ಲಾಸ್ಟಿಕ್ ಸಾಮಾನು ಮಾಡುವ ಬಗ್ಗೆ ತುಮಕೂರು ಜಿಲ್ಲೆಯಿಂದ ಬರುವ ಪ್ರಶ್ನೆಗಳು ನಿಲ್ಲುತ್ತಲೇ ಇಲ್ಲ. ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಚಿಕ್ಕದಾಗಿ. ಪಿ.ಪಿ. ಅಂದರೆ ಪಾಲಿಪ್ರೊಪಿಲೀನ್, ಕ್ರೇಟು ಬಕೆಟ್ ಮಾಡುವ ಪ್ಲಾಸ್ಟಿಕ್. ಇದಕ್ಕಿಂತ ಹೆಚ್ಚಿನ ಮಷಿನ್ ಪಾಠ ಇಲ್ಲಿ ಹೇಳುವುದಿಲ್ಲ. ದುಡ್ಡು ಹಾಕಿ ಮಷಿನ್ ಇಟ್ಟವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ಗುಬ್ಬಿ ಹತ್ತಿರ ನಮ್ಮದೊಂದು ಸಣ್ಣ ಮೌಲ್ಡಿಂಗ್ ಯೂನಿಟ್ ಇದೆ. ಪಿ.ಪಿ.ಗೆ 20 ಪರ್ಸೆಂಟ್ ತೆಂಗಿನ ನಾರು ಬೆರೆಸಿ ಕ್ರೇಟ್ ಮಾಡಿದೆವು. ಬರೀ ಪಿ.ಪಿ. ಕ್ರೇಟಿಗಿಂತ ಬೇಗ ಒಡೆಯುತ್ತಿದೆ. ನಾರನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಬೇಕಾ? 40 ಪರ್ಸೆಂಟ್‌ಗೆ ಏರಿಸಿದರೆ ಗಟ್ಟಿ ಆಗುತ್ತಾ ಸಾರ್?

ಉತ್ತರ: ಆಗುವುದಿಲ್ಲ. ಇನ್ನೂ ಬೇಗ ಒಡೆಯುತ್ತದೆ.

ಒಡೆದ ಕ್ರೇಟಿನ ಒಂದು ಚೂರು ತಗೊಂಡು ಬಿಸಿಲಿಗೆ ಹಿಡಿಯಿರಿ. ಒಂದು ಲೆನ್ಸ್ ಇದ್ದರೆ ಇನ್ನೂ ಒಳ್ಳೆಯದು. ಒಡೆದ ಜಾಗದಲ್ಲಿ ಕಂದು ನಾರಿನ ತುದಿಗಳು ಎದ್ದು ನಿಂತಿವೆಯಾ? ಅವುಗಳ ಮೈಗೆ ಪ್ಲಾಸ್ಟಿಕ್ ಸ್ವಲ್ಪವೂ ಅಂಟದೆ ನುಣ್ಣಗಿದೆಯಾ? ಎದುರಿನ ಚೂರಿನಲ್ಲಿ ಅದೇ ಅಳತೆಯ ಗುಂಡು ತೂತುಗಳು ಕಾಣುತ್ತಿವೆಯಾ? ಹಾಗಿದ್ದರೆ ನಿಮ್ಮ ನಾರು ತುಂಡಾಗಿಲ್ಲ, ಇಡಿಯಾಗಿ ಕಿತ್ತು ಬಂದಿದೆ. ಅಂದರೆ ಅದು ಭಾರವನ್ನೇ ಹೊತ್ತಿಲ್ಲ. ಪ್ಲಾಸ್ಟಿಕ್ ಒಳಗೆ ಅಷ್ಟು ಜಾಗ ಖಾಲಿ ಬಿಟ್ಟಂತಾಯಿತು, ಅಷ್ಟೇ. ಇಂಥ ನಾರನ್ನು ದುಪ್ಪಟ್ಟು ಮಾಡಿದರೆ ಖಾಲಿ ಜಾಗವೂ ದುಪ್ಪಟ್ಟಾಗುತ್ತದೆ.

ಕಾರಣ ಇಷ್ಟು. ನಾರಿಗೆ ನೀರು ಇಷ್ಟ, ಪಿ.ಪಿ.ಗೆ ನೀರು ಆಗದು. ಎರಡೂ ತಾವಾಗಿ ಒಂದನ್ನೊಂದು ಹಿಡಿಯುವುದಿಲ್ಲ. ಆ ಹಿಡಿತ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ನಾರಿನ ಬಲವನ್ನು ಅದರ ದಪ್ಪದಿಂದ ಗುಣಿಸಿ, ಹಿಡಿತದ ಎರಡರಷ್ಟರಿಂದ ಭಾಗಿಸಿ. ಬರುವ ಉದ್ದಕ್ಕಿಂತ ನಾರು ಚಿಕ್ಕದಾಗಿದ್ದರೆ ತನ್ನ ಪೂರ್ತಿ ಬಲ ತೋರಿಸುವ ಮೊದಲೇ ಜಾರಿಹೋಗುತ್ತದೆ. ತೆಂಗಿನ ನಾರಿನ ಬಲ 175 ಮೆಗಾಪ್ಯಾಸ್ಕಲ್ (ಬಲ ಅಳೆಯುವ ಮಾನ), ದಪ್ಪ ಕಾಲು ಮಿಲಿಮೀಟರ್, ಹಿಡಿತ 2 ಮೆಗಾಪ್ಯಾಸ್ಕಲ್ ಅಂತ ಇಟ್ಟುಕೊಳ್ಳಿ. ಸುಮಾರು 11 ಮಿಲಿಮೀಟರ್ ಉದ್ದ ಬೇಕಾಗುತ್ತದೆ. ಹಿಡಿತವನ್ನು 6ಕ್ಕೆ ಏರಿಸಿದರೆ ಮೂರೂವರೆ ಮಿಲಿಮೀಟರ್ ಚಿಲ್ಲರೆ ಸಾಕು. ಇಂಜೆಕ್ಷನ್ ಮಷಿನ್ನಿನ ಸ್ಕ್ರೂ ನೀವು ಹಾಕಿದ ಉದ್ದದ ನಾರನ್ನು ಪುಡಿ ಪುಡಿ ಮಾಡಿ ಆಚೆ ಕಳಿಸುತ್ತದೆ. ಅಲ್ಲಿ 11 ಮಿಲಿಮೀಟರ್ ಉಳಿಯುವುದು ಕನಸು. ಹಾಗಾಗಿ ಏರಿಸಬೇಕಾದ್ದು ಹಿಡಿತವನ್ನು, ಪರ್ಸೆಂಟನ್ನಲ್ಲ.

ಅದಕ್ಕೆ ಮೂರು ಕೆಲಸ. ಮೊದಲನೆಯದು, ನಿಮ್ಮ ನಾರನ್ನು ನೋಡೋಣ. ನಮ್ಮ ಕಡೆ ನಾರಿನ ಮಿಲ್‌ಗಳಿಂದ ಬರುವುದು ಒಣ ಸಿಪ್ಪೆಯಿಂದ ತೆಗೆದ ಕಂದು ನಾರು. ಒಂದು ಹಿಡಿ ತಗೊಂಡು ಬಿಳಿ ಕಾಗದದ ಮೇಲೆ ಕೊಡವಿ. ಕಂದು ಪುಡಿ ಉದುರಿತಾ? ಅದು ಕೋಕೋಪೀಟ್. ನರ್ಸರಿಯವರು ಅದನ್ನು ದುಡ್ಡು ಕೊಟ್ಟು ತಗೊಳ್ಳುವುದೇ ಅದು ನೀರು ಹಿಡಿದಿಡುತ್ತದೆ ಅಂತ. ನಿಮ್ಮ ಕ್ರೇಟಿಗೆ ಅದು ಶತ್ರು. ಪುಡಿಗೆ ಬಲವಿಲ್ಲ, ನಾರಿನ ಮೈಗೂ ಪ್ಲಾಸ್ಟಿಕ್ಕಿಗೂ ನಡುವೆ ಕೂತು ಹಿಡಿತ ಕೆಡಿಸುತ್ತದೆ, ಮೇಲೆ ತೇವ ಬೇರೆ. ಜರಡಿ ಹಿಡಿದು, ಬೇಕಾದರೆ ತೊಳೆದು, ಪೂರ್ತಿ ತೆಗೆಯಿರಿ. ಇದಕ್ಕೆ ಯಾವ ಕೆಮಿಕಲ್ಲೂ ಬೇಡ. ಆದರೂ ಯಾರೂ ಮಾಡುವುದಿಲ್ಲ. ನನಗೆ ಕೋಪ ಬರುವುದು ಇಲ್ಲೇ.

ಎರಡನೆಯದು ತೇವ. "ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ್ದೇವೆ ಸಾರ್" ಅಂತ ಎಲ್ಲರೂ ಹೇಳುತ್ತಾರೆ. ಮುಟ್ಟಿದರೆ ಒಣಗಿದೆ ಅನ್ನಿಸುವ ನಾರಿನಲ್ಲೂ 10 ಪರ್ಸೆಂಟ್ ಆಸುಪಾಸು ನೀರು ಇರುತ್ತದೆ. 10 ಕೆ.ಜಿ. ನಾರು ಹಾಕಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರನ್ನೂ ಬ್ಯಾರಲ್‌ಗೆ, ಅಂದರೆ ಪ್ಲಾಸ್ಟಿಕ್ ಕರಗುವ ಮಷಿನ್ ಕೊಳವೆಗೆ, ಸುರಿದ ಹಾಗಾಯಿತು. 180 ಡಿಗ್ರಿಯಲ್ಲಿ ಅದು ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಬಿರುಕು ಶುರುವಾಗುವುದು ಆ ಗುಳ್ಳೆಗಳಲ್ಲೇ. ಓವನ್‌ನಲ್ಲಿ 80ರಿಂದ 100 ಡಿಗ್ರಿಯಲ್ಲಿ ಒಣಗಿಸಿ. ಎಷ್ಟು ಗಂಟೆ ಅಂತ ಕೇಳಬೇಡಿ. ಆಗಾಗ ತೂಕ ಹಾಕಿ, ತೂಕ ಇಳಿಯುವುದು ನಿಂತಾಗ ನಾರು ಒಣಗಿದೆ ಅಂತ ಅರ್ಥ. ತೆಗೆದ ತಕ್ಷಣ ಚೀಲದ ಬಾಯಿ ಕಟ್ಟಿ, ಬಿಸಿ ಇರುವಾಗಲೇ ಮಷಿನ್‌ಗೆ ಹಾಕಿ. ಮಳೆಗಾಲದಲ್ಲಿ ರಾತ್ರಿಯಿಡೀ ಬಿಚ್ಚಿಟ್ಟರೆ ಮಾಡಿದ್ದೆಲ್ಲಾ ವ್ಯರ್ಥ.

ಮೂರನೆಯದೇ ನಿಜವಾದ ಮದ್ದು. ಮಲೆಯಿಕ್ ಅನ್‌ಹೈಡ್ರೈಡ್ ಅನ್ನುವ ರಾಸಾಯನಿಕ ಜೋಡಿಸಿದ ಪಿ.ಪಿ. ಕಾಳು ಸಿಗುತ್ತದೆ. ವ್ಯಾಪಾರದಲ್ಲಿ ಎಂ.ಎ.ಪಿ.ಪಿ. ಅನ್ನುತ್ತಾರೆ. ಇದರ ಒಂದು ತುದಿ ನಾರಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಇನ್ನೊಂದು ತುದಿ ಪಿ.ಪಿ.ಯೊಳಗೆ ಹೆಣೆದುಕೊಳ್ಳುತ್ತದೆ. ಒಟ್ಟು ತೂಕದಲ್ಲಿ 2ರಿಂದ 5 ಪರ್ಸೆಂಟ್ ಸಾಕು. ಜಾಸ್ತಿ ಹಾಕಿದರೆ ದುಡ್ಡು ದಂಡ. ನಿಮ್ಮದು ಪಿ.ಪಿ. ಬದಲು ಎಚ್.ಡಿ.ಪಿ.ಇ. (ಗಟ್ಟಿ ಬಗೆಯ ಪಾಲಿಎಥಿಲೀನ್ ಪ್ಲಾಸ್ಟಿಕ್) ಆಗಿದ್ದರೆ ಪಿ.ಇ.ಗೆ, ಅಂದರೆ ಪಾಲಿಎಥಿಲೀನ್‌ಗೆ, ಜೋಡಿಸಿದ್ದನ್ನೇ ಕೇಳಿ ತಗೊಳ್ಳಿ. ಕಾಸು ಉಳಿಸಲು ಬರೀ ಮಲೆಯಿಕ್ ಅನ್‌ಹೈಡ್ರೈಡ್ ತಂದು ಹಾಪರ್‌ಗೆ (ಮಷಿನ್‌ಗೆ ಮಾಲು ಹಾಕುವ ಬಾಯಿಗೆ) ಸುರಿಯುವ ಕೆಲಸ ದಯವಿಟ್ಟು ಮಾಡಬೇಡಿ. ಕಣ್ಣು, ಶ್ವಾಸಕೋಶ ಎರಡಕ್ಕೂ ಅದು ಕೆಟ್ಟದ್ದು.

ಕಾಸ್ಟಿಕ್ ಸೋಡಾ ಬಗ್ಗೆಯೂ ಕೇಳಿದ್ದೀರಿ. 5 ಪರ್ಸೆಂಟ್ ದ್ರಾವಣದಲ್ಲಿ ನೆನೆಸಿದರೆ ನಾರಿನ ಮೇಣ ಹೋಗಿ ಮೈ ಒರಟಾಗುತ್ತದೆ, ಹಿಡಿತ ಸಿಗುತ್ತದೆ, ನಿಜ. ಆದರೆ ಗಾಢತೆ ಅಥವಾ ಹೊತ್ತು ಮಿತಿ ಮೀರಿದರೆ ನಾರೇ ಸೊರಗುತ್ತದೆ. ನೆನೆಸಿದ ಮೇಲೆ ಪಿ.ಎಚ್. ಕಾಗದ 7 ತೋರಿಸುವವರೆಗೆ, ಅಂದರೆ ಸೋಡಾ ಪೂರ್ತಿ ಹೋಗುವವರೆಗೆ, ತೊಳೆಯಬೇಕು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಹೈಡ್ರೋಜನ್ ಬರುತ್ತದೆ. ಉಳಿದ ಕಪ್ಪು ನೀರನ್ನು ಎಲ್ಲಿಗೆ ಬಿಡುತ್ತೀರಿ? ಕೆರೆ ಕಾಲುವೆಗೆ ಬಿಡುವ ಯೋಚನೆ ಇದ್ದರೆ ಈ ಕೆಲಸಕ್ಕೇ ಕೈ ಹಾಕಬೇಡಿ. ನನ್ನ ಮಾತು ಕೇಳುವುದಾದರೆ ಸಣ್ಣ ಯೂನಿಟ್‌ನವರು ಸೋಡಾ ಬಿಟ್ಟು ಪುಡಿ ತೆಗೆಯುವುದು, ಒಣಗಿಸುವುದು, ಎಂ.ಎ.ಪಿ.ಪಿ. ಹಾಕುವುದು, ಇಷ್ಟು ಮೊದಲು ಸರಿ ಮಾಡಿ.

ಬ್ಯಾರಲ್ ಬಿಸಿ 190 ದಾಟದಂತೆ ನೋಡಿಕೊಳ್ಳಿ. 200ರ ಮೇಲೆ ನಾರು ಸುಡಲು ಶುರು. ಸೀದ ವಾಸನೆ ಬಂದರೆ ಆ ಬ್ಯಾಚ್ ಮಾರಬೇಡಿ.

ಇಷ್ಟೆಲ್ಲಾ ಮಾಡಿದರೆ ಎಷ್ಟು ಗಟ್ಟಿ ಆಗುತ್ತದೆ? ಬಾಗದ ಗುಣ ಚೆನ್ನಾಗಿ ಏರುತ್ತದೆ. ಎಳೆದಾಗ ತಡೆಯುವ ಬಲ ಮಾತ್ರ ತೆಂಗಿನ ನಾರಿನಲ್ಲಿ ಬರೀ ಪಿ.ಪಿ.ಗಿಂತ ಸ್ವಲ್ಪ ಮೇಲೆ ಹೋದರೆ ಅದೇ ಒಳ್ಳೆಯ ಫಲ. ಗಾಜಿನ ನಾರಿನಷ್ಟು ಬಲ ಅಂತ ಗಿರಾಕಿಗೆ ಹೇಳಬೇಡಿ. ಅದರ ಬಲ 2000 ಮೆಗಾಪ್ಯಾಸ್ಕಲ್ ಮೇಲಿದೆ. ಬರೀ ಪಿ.ಪಿ., ನಾರು ಬೆರೆಸಿದ್ದು, ನಾರಿನ ಜೊತೆ ಎಂ.ಎ.ಪಿ.ಪಿ. ಬೆರೆಸಿದ್ದು, ಮೂರೂ ಬಗೆಯ ಮಾದರಿ ಮಾಡಿ ಮೈಸೂರಿನ ಸಿಪೆಟ್‌ನಲ್ಲಿ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಎಳೆದು ಪರೀಕ್ಷೆ ಮಾಡಿಸಿ. ಅಂಕಿ ಕೈಗೆ ಬಂದ ಮೇಲೆ ಮುಂದಿನ ಮಾತು.

ಪ್ರಶ್ನೆ: ಪಾವಗಡದಲ್ಲಿ ಬೇಲಿಗೆ ಕತ್ತಾಳೆ ಬೇಕಾದಷ್ಟಿದೆ. ತೆಂಗಿನ ನಾರಿಗಿಂತ ಇದು ಮೇಲಾ?

ಉತ್ತರ: ಬಲದಲ್ಲಿ ಖಂಡಿತ ಮೇಲು. ಹಗ್ಗಕ್ಕೆ ಬೆಳೆಸುವ ಸಿಸಾಲ್ ಜಾತಿಯ ಕತ್ತಾಳೆ ನಾರಿನಲ್ಲಿ ಬಲ ಕೊಡುವ ಅಂಶವಾದ ಸೆಲ್ಯುಲೋಸ್ 65 ಪರ್ಸೆಂಟ್ ಮೇಲಿರುತ್ತದೆ, ಬಲ 400ರಿಂದ 700 ಮೆಗಾಪ್ಯಾಸ್ಕಲ್. ತೆಂಗಿನ ನಾರಿನಲ್ಲಿ ಎಳೆಗಳನ್ನು ಅಂಟಿಸುವ ಲಿಗ್ನಿನ್ನೇ 40 ಪರ್ಸೆಂಟ್ ಮೇಲಿದೆ. ಹಾಗಾಗಿ ಅದು ಎಳೆದರೆ ಹಿಗ್ಗುತ್ತದೆ, ಬಲ ಕಡಿಮೆ. ಆದರೆ ಹಿಗ್ಗುವುದರಿಂದಲೇ ಪೆಟ್ಟು ತಡೆಯುತ್ತದೆ. ಬೇಲಿಯ ಕತ್ತಾಳೆಯೆಲ್ಲಾ ಒಂದೇ ಜಾತಿಯಲ್ಲ, ಮೊದಲು ಅದನ್ನು ಗುರುತಿಸಿ. ಎಲೆಯ ತಿರುಳು ಅಂಟಿದ ನಾರು ಬೇಡ.

ಪ್ರಶ್ನೆ: ತುರುವೇಕೆರೆಯ ನಮಗೆ ಒಬ್ಬರು "ಬಯೋ ಲಿಕ್ವಿಡ್" ಕೊಟ್ಟಿದ್ದಾರೆ. ನಾರು ಅದ್ದಿದರೆ ಮೂರು ಪಟ್ಟು ಬಲವಂತೆ. ಗೋಮೂತ್ರವೂ ಆಗುತ್ತದಂತೆ.

ಉತ್ತರ: ಒಳಗೆ ಏನಿದೆ ಅಂತ ಬರೆದು ಕೊಡದವರ ಹತ್ತಿರ ಒಂದು ಲೀಟರೂ ತಗೊಳ್ಳಬೇಡಿ. ಇಂಥವರು ಬ್ಯಾಂಕ್ ಸಾಲ ಮಾಡಿ ಯೂನಿಟ್ ಹಾಕಿದ ಹುಡುಗರನ್ನು ಹಾಳು ಮಾಡುತ್ತಿದ್ದಾರೆ. ಗೋಮೂತ್ರದ ಉಪ್ಪು ನಾರಿನಲ್ಲೇ ಉಳಿದು ಮತ್ತೆ ತೇವ ಎಳೆಯುತ್ತದೆ.

ಪ್ರಶ್ನೆ: ನಾರು ಹಾಕಿದ ಪಿ.ಪಿ. ಮಣ್ಣಲ್ಲಿ ಕರಗುತ್ತದೆ ಅಂತ ಲೇಬಲ್ ಹಾಕಬಹುದಾ?

ಉತ್ತರ: ಹಾಕಬಾರದು. ನಾರು ಕೊಳೆಯುತ್ತದೆ, ಪಿ.ಪಿ. ಚೂರಾಗಿ ಹೊಲದಲ್ಲೇ ಉಳಿಯುತ್ತದೆ.

ಪ್ರಶ್ನೆ: ನೀರಿನ ಬಾಟಲಿ ಕರಗಿಸಿ ನಾರು ಬೆರೆಸಬಹುದಾ?

ಉತ್ತರ: ಆ ಪ್ಲಾಸ್ಟಿಕ್ ಕರಗುವುದು 250 ಡಿಗ್ರಿ ಆಸುಪಾಸಿನಲ್ಲಿ. ಅಷ್ಟರಲ್ಲಿ ನಾರು ಕರಿಯಾಗಿರುತ್ತದೆ.

ಪ್ರಶ್ನೆ: ಸಿರಾದಲ್ಲಿ ಪಾಲಿಯೆಸ್ಟರ್ ರೆಸಿನ್‌ಗೆ ಬಾಳೆ ನಾರು ಹಾಕಿ ಕೈಯಲ್ಲೇ ಹೆಲ್ಮೆಟ್ ಮಾಡುವ ಆಸೆ ಇದೆ.

ಉತ್ತರ: ಹೆಲ್ಮೆಟ್ ಬೇಡ. ಐ.ಎಸ್.ಐ. ಗುರುತಿಲ್ಲದೆ ಅದನ್ನು ಮಾರುವಂತೆಯೂ ಇಲ್ಲ. ತಟ್ಟೆ, ಹಲಗೆ, ಪೆಟ್ಟಿಗೆ ಮಾಡಿ ಕೈ ಪಳಗಿಸಿ. ರೆಸಿನ್‌ಗೆ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟನ್ನು ಮೊದಲು ಹಾಕಿ ಪೂರ್ತಿ ಕಲಸಿ, ಆಮೇಲೆ ಅಳತೆಗೆ ಬೇರೆಯದೇ ಲೋಟ ಇಟ್ಟುಕೊಂಡು ಎಂ.ಇ.ಕೆ.ಪಿ. (ರೆಸಿನ್ ಗಟ್ಟಿ ಮಾಡುವ ಪೆರಾಕ್ಸೈಡ್) ಹಾಕಿ. ಇವೆರಡನ್ನೂ ನೇರವಾಗಿ ಒಟ್ಟಿಗೆ ಸೇರಿಸಿದರೆ ಸಿಡಿಯುತ್ತದೆ. ಎರಡು ಬಾಟಲಿಯನ್ನೂ ಒಂದೇ ಶೆಲ್ಫಿನಲ್ಲಿ ಇಡಬೇಡಿ, ಕನ್ನಡಕ ಹಾಕದೆ ಮುಚ್ಚಳ ತೆಗೆಯಬೇಡಿ.