ಭಾವನ ಪೋಸ್ಟ್ ಉಳಿಯಿತು, ಹುಡುಗ ಹೊರಗೆ ಹೋದ

ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ಸುತ್ತಲಿನ ಹಳ್ಳಿಗಳ ಬೆಳೆಗಾರರಿಗೆ ಅಂತ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದ್ದೇನೆ. ಈಗ ಆರುನೂರು ಜನ ಇದ್ದಾರೆ. ಸೊಪ್ಪು ಬೇಕಾದವರು, ಗೂಡಿನ ರೇಟು ಕೇಳುವವರು, ಹುಳುವಿಗೆ ರೋಗ ಬಂದರೆ ಫೋಟೊ ಹಾಕಿ ಕೇಳುವವರು, ಎಲ್ಲರೂ ಅಲ್ಲೇ. ವ್ಯಾಪಾರದ ಜಾಹೀರಾತು ಹಾಕಬಾರದು ಅಂತ ನಾನೇ ನಿಯಮ ಮಾಡಿದ್ದೆ. ಔಷಧಿ ಮಾರುವ ಇಬ್ಬರನ್ನು ಅದೇ ಕಾರಣಕ್ಕೆ ತೆಗೆದಿದ್ದೂ ಉಂಟು. ನನ್ನ ಹೆಂಡತಿಯ ಅಣ್ಣ ಚಾಕಿ ಕೇಂದ್ರ ನಡೆಸುತ್ತಾರೆ, ಅಂದರೆ ಮರಿಹುಳು ಸಾಕಿ ಬೆಳೆಗಾರರಿಗೆ ಮಾರುತ್ತಾರೆ. ಅವರು ವಾರವಾರ 'ಚಾಕಿ ಹುಳು ಸಿಗುತ್ತದೆ' ಅಂತ ಹಾಕಿದರೆ ನಾನು ಸುಮ್ಮನಿದ್ದೆ. ಹೋದ ತಿಂಗಳು ಒಬ್ಬ ಹುಡುಗ, ಭಾವನ ಹತ್ತಿರ ತಂದ ಹುಳು ನಾಲ್ಕನೇ ಜ್ವರ (ಕೊನೆಯ ಸಲ ಪೊರೆ ಬಿಡುವ ಹಂತ) ಎದ್ದ ಮೇಲೆ ಸಾಯುತ್ತಿದೆ, ಬೇರೆ ಯಾರಿಗಾದರೂ ಹೀಗಾಗಿದೆಯಾ ಅಂತ ಫೋಟೊ ಸಮೇತ ಹಾಕಿದ. ಭಾವ ಫೋನ್ ಮಾಡಿ ಕೂಗಾಡಿದರು. ಕೇಸ್ ಆದರೆ ಅಡ್ಮಿನ್ ಮೇಲೆ ಬರುತ್ತೆ ಅಂದರು. ನಾನು ಮೆಸೇಜ್ ಅಳಿಸಿ ಹುಡುಗನನ್ನು ತೆಗೆದೆ. ದುರುದ್ದೇಶ ಏನೂ ಇರಲಿಲ್ಲ. ಹುಳುಮನೆ ಕಟ್ಟುವಾಗ ಎರಡು ಲಕ್ಷ ಕೈಗಡ ಕೊಟ್ಟವರು ಭಾವ, ಅರ್ಧ ಇನ್ನೂ ಬಾಕಿ ಇದೆ. ಈಗ ಜನ 'ಭಾವನ ಗ್ರೂಪು' ಅನ್ನುತ್ತಿದ್ದಾರೆ. ಹುಡುಗನನ್ನು ಸೇರಿಸಿದರೆ ಮನೆಯಲ್ಲಿ ಜಗಳ. ಅಡ್ಮಿನ್ ಕೆಲಸವನ್ನೇ ಬಿಟ್ಟುಬಿಡಲೇ?
— ಹೆಸರು ಬೇಡ, ಶಿಡ್ಲಘಟ್ಟ ತಾಲ್ಲೂಕು

ಆ ಹುಡುಗನನ್ನು ವಾಪಸ್ ಸೇರಿಸಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರ ಓದಿದರೆ ಅದು ನಿಮಗೂ ಗೊತ್ತಿದೆ ಅನ್ನಿಸುತ್ತದೆ. ಹೇಗೆ ಸೇರಿಸಬೇಕು, ಭಾವನಿಗೆ ಏನು ಹೇಳಬೇಕು, ಮನೆಯಲ್ಲಿ ಏನು ಹೇಳಬೇಕು, ಕಷ್ಟ ಇರುವುದು ಅಲ್ಲಿ.

ಅವನು ಹಾಕಿದ ಮೆಸೇಜಿನಲ್ಲಿ ಏನಿತ್ತು ಅಂತ ನೀವೇ ಬರೆದಿದ್ದೀರಿ. ಅವನು ಯಾರನ್ನೂ ಬೈದಿಲ್ಲ. ದುಡ್ಡು ವಾಪಸ್ ಕೊಡಿ ಅಂದಿಲ್ಲ. ಬೇರೆ ಯಾರಿಗಾದರೂ ಹೀಗಾಗಿದೆಯಾ ಅಂತ ಕೇಳಿದ, ಅಷ್ಟೇ. ನಿಮ್ಮ ಗ್ರೂಪ್ ಇರುವುದೇ ಇಂಥ ಪ್ರಶ್ನೆ ಕೇಳುವುದಕ್ಕೆ, ಅಲ್ವಾ? ನಾಲ್ಕನೇ ಜ್ವರ ಎದ್ದ ಹುಳು ಸತ್ತರೆ ಏನು ಗತಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಜಾಸ್ತಿ ಹುಳು ತಿನ್ನುವುದು ಆ ಕೊನೆಯ ಹಂತದಲ್ಲೇ. ತೋಟದ ಸೊಪ್ಪು ಸಾಲದೆ ಹೊರಗಿನಿಂದ ಕೊಂಡು ತಂದಿರುತ್ತಾರೆ. ಮನೆಯವರೆಲ್ಲ ಸರದಿ ಮೇಲೆ ಎದ್ದು ಸೊಪ್ಪು ಹಾಕಿರುತ್ತಾರೆ. ಇನ್ನೇನು ಹಣ್ಣಾಗುತ್ತದೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಡೋಣ ಅನ್ನುವಾಗ ಹುಳು ಸೊಪ್ಪು ಬಿಟ್ಟು ಮೆತ್ತಗಾಗುತ್ತದೆ. ಅಂಥ ಹೊತ್ತಿನಲ್ಲಿ ಅವನು ಮೊಬೈಲ್ ತೆಗೆದು ಫೋಟೊ ಹೊಡೆದು ಕೇಳಿದ್ದಾನೆ. ಅದೇ ಬ್ಯಾಚಿನ ಹುಳು ತಂದವರು ಇನ್ನೂ ನಾಲ್ಕು ಮನೆಯವರು ಇದ್ದಿದ್ದರೆ ಅವರಿಗೂ ಎಚ್ಚರ ಆಗುತ್ತಿತ್ತು. ಅವನಿಗೆ ಸಿಕ್ಕಿದ್ದು ಗ್ರೂಪಿನಿಂದ ಹೊರಗೆ ದಾರಿ.

ತಪ್ಪು ಭಾವನದೇ ಅಂತ ನಾನು ಹೇಳುತ್ತಿಲ್ಲ. ಹೇಳುವ ಹಾಗೂ ಇಲ್ಲ. ಗಂಟುರೋಗ ಆಗಿದ್ದರೆ ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬಂದಿರಬಹುದು, ಆಗ ಚಾಕಿ ಕೇಂದ್ರದವರೂ ಮೋಸ ಹೋದವರೇ. ಹಾಲುತೊಂಡೆ ರೋಗವಾದರೆ ಹುಡುಗನ ಹುಳುಮನೆಯಲ್ಲೇ ಶುರುವಾಗಿರಬಹುದು. ಹಿಂದಿನ ಬೆಳೆ ಇಳಿಸಿದ ಮೇಲೆ ಮನೆ ತೊಳೆದು ಔಷಧಿ ಹೊಡೆಯುವುದರಲ್ಲಿ ಕೊರತೆ ಆಗಿದ್ದರೆ ಸಾಕು. ಸಪ್ಪೆರೋಗಕ್ಕೆ ಸೆಕೆ ಮತ್ತು ಕೆಟ್ಟ ಸೊಪ್ಪೇ ಕಾರಣ ಆಗಬಹುದು. ರೇಷ್ಮೆ ಇಲಾಖೆಯವರಿಗೆ ಹುಳು ತೋರಿಸಿ ಪರೀಕ್ಷೆ ಮಾಡಿಸಿದ್ದರೆ ಒಂದು ದಾರಿ ಸಿಗುತ್ತಿತ್ತು. ನೀವು ಪ್ರಶ್ನೆಯನ್ನೇ ಅಳಿಸಿಬಿಟ್ಟಿರಿ. ಇದರಲ್ಲಿ ಭಾವನಿಗೂ ನಷ್ಟವಾಗಿದೆ. ಆರುನೂರು ಜನರ ಎದುರು ನಿಂತು 'ಆ ವಾರ ಇಷ್ಟು ಜನಕ್ಕೆ ಹುಳು ಕೊಟ್ಟಿದ್ದೇನೆ, ಅವರನ್ನೇ ಕೇಳಿ' ಅನ್ನುವ ಅವಕಾಶ ಅವರಿಗೂ ಹೋಯಿತು. ಅವರ ಹುಳು ಚೆನ್ನಾಗಿದ್ದರೂ ಜನ ಈಗ ಅನುಮಾನದಿಂದಲೇ ನೋಡುತ್ತಾರೆ. ಅಡ್ಮಿನ್ ಮೆಸೇಜ್ ಅಳಿಸಿದರೆ, ಅಳಿಸಿದವರು ಯಾರು ಅಂತ ವಾಟ್ಸ್‌ಆ್ಯಪ್ ಅಲ್ಲೇ ತೋರಿಸುತ್ತದೆ. ನಿಮ್ಮ ಹೆಸರು ಅಲ್ಲಿದೆ. ಭಾವನ ಸಂಬಂಧ ಊರಿಗೆಲ್ಲ ಗೊತ್ತಿದೆ. ಜನ ಎರಡೂ ಸೇರಿಸಿ ಓದಿಕೊಂಡರು.

ಕೇಸ್ ಆಗುತ್ತೆ ಅನ್ನುವ ಭಯ ಇದ್ದರೆ ಬಿಡಿ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಈ ವಿಷಯದಲ್ಲಿ ತೀರ್ಪು ಕೊಟ್ಟಿವೆ. ಸದಸ್ಯನೊಬ್ಬ ಹಾಕಿದ ಮೆಸೇಜಿಗೆ, ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಹೊಣೆ ಮಾಡಲು ಆಗುವುದಿಲ್ಲ ಅಂತ ಹೇಳಿವೆ. ಇಬ್ಬರೂ ಕೂಡಿ ಮೊದಲೇ ಮಾತಾಡಿಕೊಂಡು ಮಾಡಿದ್ದರೆ ಅದು ಬೇರೆ ಮಾತು. ಹುಳು ಸತ್ತಿದೆ ಅಂತ ಕೇಳಿದ ಮೆಸೇಜಿಗೆ ಅದು ಹೊಂದುವುದೂ ಇಲ್ಲ.

ದುರುದ್ದೇಶ ಇರಲಿಲ್ಲ ಅಂತ ಬರೆದಿದ್ದೀರಿ. ಅದನ್ನು ನಾನು ನಂಬುತ್ತೇನೆ. ಆದರೆ ಅಷ್ಟರಿಂದ ಮಾತು ಮುಗಿಯುವುದಿಲ್ಲ. 1969ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಎ.ಕೆ. ಕ್ರೈಪಾಕ್ ಕೇಸನ್ನು ಕೇಳಿ, ನಿಮ್ಮ ಕಥೆಗೆ ತುಂಬಾ ಹತ್ತಿರ ಇದೆ. ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಬೇಕಿತ್ತು. ಆರಿಸುವ ಸಮಿತಿಯಲ್ಲಿ ಅಲ್ಲಿನ ಅರಣ್ಯ ಇಲಾಖೆಯ ಹಂಗಾಮಿ ಮುಖ್ಯಸ್ಥರೂ ಇದ್ದರು. ಅವರೇ ಅಭ್ಯರ್ಥಿ ಕೂಡ. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಕೂರಲಿಲ್ಲ. ಆದರೆ ತಮಗೆ ಪೈಪೋಟಿ ಕೊಡುವವರ ಹೆಸರು ಬಂದಾಗ ಕೂತಿದ್ದರು. ಅವರು ನಮ್ಮ ಮೇಲೆ ಯಾವ ಒತ್ತಡವನ್ನೂ ಹಾಕಲಿಲ್ಲ ಅಂತ ಸಮಿತಿಯ ಉಳಿದವರು ಹೇಳಿದರು. ಕೋರ್ಟ್ ಒಪ್ಪಲಿಲ್ಲ, ಆಯ್ಕೆಯನ್ನೇ ರದ್ದು ಮಾಡಿತು. ಒಬ್ಬರ ಮನಸ್ಸಿನೊಳಗೆ ಪಕ್ಷಪಾತ ಇತ್ತಾ ಅಂತ ಸಾಬೀತು ಮಾಡುವುದು ಕಷ್ಟ, ಅದಕ್ಕೆ ಆಸ್ಪದ ಇತ್ತಾ ಅಂತ ನೋಡಬೇಕು ಅಂದಿತು.

ನೀವು ಎಡವಿದ್ದು ಅಲ್ಲೇ. ಭಾವನ ಜಾಹೀರಾತು ಬಿಟ್ಟಿದ್ದು ಸಣ್ಣ ತಪ್ಪು. ಭಾವನ ಮೇಲೆ ದೂರು ಬಂದಾಗ ದೂರು ಕೊಟ್ಟವನ ಬಗ್ಗೆ ತೀರ್ಮಾನ ಮಾಡಲು ನೀವೇ ಕೂತಿರಲ್ಲ, ಅದು ದೊಡ್ಡದು. ಅವತ್ತು ನೀವು ಎಷ್ಟೇ ಸರಿಯಾದ ತೀರ್ಮಾನ ಮಾಡಿದ್ದರೂ ಜನ ನಂಬುತ್ತಿರಲಿಲ್ಲ. ಹುಡುಗ ನಿಜವಾಗಿಯೂ ಕೆಟ್ಟದಾಗಿ ಬೈದಿದ್ದ ಅಂತಲೇ ಇಟ್ಟುಕೊಳ್ಳಿ. ಆಗಲೂ ಅವನನ್ನು ತೆಗೆಯಬೇಕಾದ ಕೈ ನಿಮ್ಮದಾಗಿರಬಾರದಿತ್ತು.

ನಿಮ್ಮ ಸೀಮೆಯ ಕೆರೆಗಳಲ್ಲಿ ನೀರುಗಂಟಿ ಯಾಕಿದ್ದ, ಯೋಚನೆ ಮಾಡಿ. ಕೆರೆ ಕೆಳಗೆ ಗದ್ದೆ ಇದ್ದವರು ಯಾರೂ ತಾವೇ ಹೋಗಿ ತೂಬು ಎತ್ತುವ ಹಾಗಿರಲಿಲ್ಲ. ನೀರು ಬಿಡುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ನೋಡುವುದು, ಎಲ್ಲ ನೀರುಗಂಟಿಯ ಕೆಲಸ. ಎಷ್ಟೋ ಊರುಗಳಲ್ಲಿ ಅವರು ದಲಿತ ಕುಟುಂಬದವರು. ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಅವರಿಗೆ ಧಾನ್ಯ ಸಲ್ಲುತ್ತಿತ್ತು. ಒಬ್ಬರ ಅನ್ನ ತಿಂದು ಇನ್ನೊಬ್ಬರಿಗೆ ನೀರು ಕಟ್ಟುವ ಪರಿಸ್ಥಿತಿ ಬರಬಾರದು ಅಂತ ಮಾಡಿದ ಏರ್ಪಾಡು ಇದು. ನೀರು, ಕಾಡು, ಮೀನಿನಂಥ ಹಂಚಿಕೊಂಡು ಬಳಸುವ ಸಂಪತ್ತನ್ನು ಜನ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬಹಳ ಕಾಲ ಬಾಳಿದ ವ್ಯವಸ್ಥೆಗಳಲ್ಲಿ ಅವರು ಕಂಡ ಕೆಲವು ಗುಣಗಳು ನಿಮ್ಮ ಗ್ರೂಪಿಗೂ ಬೇಕು. ನಿಯಮ ಪಾಲಿಸುವವರಿಗೆ ಆ ನಿಯಮ ಮಾಡುವುದರಲ್ಲೂ ಮಾತಿರಬೇಕು. ಕಾಯುವವನು ಬಳಸುವವರಿಗೆ ಉತ್ತರ ಕೊಡುವಂತಿರಬೇಕು. ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ಸ್ವಲ್ಪ ಜಾಸ್ತಿ. ನಿಮ್ಮಲ್ಲಿ ನಿಯಮ ಮಾಡಿದ್ದೂ ನೀವೇ, ಮುರಿಯಲು ಬಿಟ್ಟಿದ್ದೂ ನೀವೇ. ತಪ್ಪೇ ಮಾಡದ ಹುಡುಗನಿಗೆ ಮೊದಲ ಸಲವೇ ಕೊನೆಯ ದಂಡ ಕೊಟ್ಟಿರಿ.

ಈಗ ಸಾಲದ ಮಾತು. ಪತ್ರದಲ್ಲಿ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ಆದರೆ ನಿಮ್ಮನ್ನು ಕಟ್ಟಿಹಾಕಿರುವುದು ಅದೇ ಅಂತ ನನಗೆ ಅನ್ನಿಸುತ್ತದೆ. ಕಷ್ಟಕಾಲದಲ್ಲಿ ಬಡ್ಡಿ ಕೇಳದೆ ಕೈಗಡ ಕೊಟ್ಟವರ ಮಾತು ತೆಗೆದುಹಾಕುವುದು ಸುಲಭ ಅಲ್ಲ. ಅವರ ಋಣ ನಿಮ್ಮ ಮೇಲಿದೆ, ಅದು ನಿಜ. ಆದರೆ ಆ ಋಣ ನಿಮ್ಮದು. ಅದನ್ನು ಗೂಡು ಮಾರಿದ ದುಡ್ಡಿನಲ್ಲಿ ತೀರಿಸಿ. ಅವರ ಮನೆಯ ಮದುವೆಗೆ ನಾಲ್ಕು ದಿನ ಮುಂಚೆ ಹೋಗಿ ದುಡಿದು ತೀರಿಸಿ. ಬೇರೆಯವರ ಹುಳು ಸತ್ತ ಸುದ್ದಿ ಮುಚ್ಚಿಟ್ಟು ತೀರಿಸಬೇಡಿ. ಮುಂದಿನ ಬೆಳೆ ಗೂಡು ಮಾರುಕಟ್ಟೆಗೆ ಹೋದಾಗ ಸ್ವಲ್ಪವಾದರೂ ಅವರ ಕೈಗೆ ಕೊಡಿ. ಬಾಕಿ ಕಡಿಮೆಯಾದಷ್ಟೂ ನಿಮಗೆ ಅವರೆದುರು ಮಾತಾಡುವ ಧೈರ್ಯ ಬರುತ್ತದೆ.

ಮೊದಲು ಹೆಂಡತಿಯ ಹತ್ತಿರ ಮಾತಾಡಿ. ಗ್ರೂಪಿನಲ್ಲಿ ನೋಡಿ ಅವರಿಗೆ ವಿಷಯ ಗೊತ್ತಾಗಬಾರದು. ಅವರಿಗೆ ಅಣ್ಣನ ಮೇಲೆ ಇರುವ ಪ್ರೀತಿಗೆ ಅಡ್ಡ ಹೋಗಬೇಡಿ, 'ನಿಮ್ಮಣ್ಣನಿಂದ ನನ್ನ ಮಾನ ಹೋಯ್ತು' ಅಂತಂತೂ ಅನ್ನಲೇಬೇಡಿ. ಅಳಿಸಿದ್ದು ನಿಮ್ಮ ಬೆರಳು, ಅವರಣ್ಣನದಲ್ಲ. ಆಮೇಲೆ ಇಬ್ಬರೂ ಸೇರಿ ಭಾವನ ಮನೆಗೆ ಹೋಗಿ. ಫೋನಿನಲ್ಲಿ ಮುಗಿಸುವ ಮಾತಲ್ಲ ಇದು. ಅಲ್ಲಿ ಹೀಗೆ ಹೇಳಬಹುದು: 'ಭಾವ, ಆ ಹುಡುಗನನ್ನು ತೆಗೆದಿದ್ದು ನನ್ನ ತಪ್ಪು. ವಾಪಸ್ ಸೇರಿಸುತ್ತಿದ್ದೇನೆ. ಇನ್ನು ಮೇಲೆ ನಿಮ್ಮ ವಿಷಯ ಬಂದರೆ ನಾನು ಕೈ ಹಾಕಲ್ಲ, ಬೇರೆ ಅಡ್ಮಿನ್‌ಗಳು ನೋಡುತ್ತಾರೆ. ಅವನ ಮಾತಿಗೆ ನೀವು ಅಲ್ಲೇ ಉತ್ತರ ಕೊಡಿ, ನಿಮ್ಮ ಹುಳು ಚೆನ್ನಾಗಿ ಬೆಳೆದವರು ನಿಮ್ಮ ಪರವಾಗಿ ಹೇಳಲಿ.' ಅವರು ಕೋಪ ಮಾಡಿಕೊಳ್ಳಬಹುದು. ದುಡ್ಡಿನ ಮಾತೂ ಎತ್ತಬಹುದು. ಎತ್ತಿದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಿ, ಹುಡುಗನ ವಿಷಯದಲ್ಲಿ ಮಾತ್ರ ಮಾತು ಬದಲಿಸಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಇಷ್ಟು ದಿನ ಭಾವನಿಗೆ ಸಡಿಲ ಬಿಟ್ಟವರು, ಜನ ಮಾತಾಡಿದ ಕೂಡಲೇ ಭಾವನನ್ನೇ ತೆಗೆದುಹಾಕಿ 'ನೋಡಿ, ನಾನು ಎಷ್ಟು ನ್ಯಾಯವಂತ' ಅಂತ ತೋರಿಸಿಕೊಳ್ಳುವುದುಂಟು. ಅದೂ ಅನ್ಯಾಯವೇ. ನಿಮ್ಮ ಹೆಸರು ಉಳಿಸಿಕೊಳ್ಳಲು ಅವರನ್ನು ಬಲಿ ಕೊಟ್ಟಂತೆ ಆಗುತ್ತದೆ. ಬೇರೆ ಚಾಕಿ ಕೇಂದ್ರದವರಿಗೆ ಯಾವ ನಿಯಮವೋ ಅವರಿಗೂ ಅದೇ. ಒಂದು ಕೂದಲು ಜಾಸ್ತಿ ಇಲ್ಲ, ಕಡಿಮೆ ಇಲ್ಲ.

ಜಾಹೀರಾತಿನ ನಿಯಮವನ್ನೂ ಮತ್ತೆ ನೋಡಿ. ಚಾಕಿ ಎಲ್ಲಿ ಸಿಗುತ್ತದೆ, ಯಾವ ದಿನ ಸಿಗುತ್ತದೆ ಅನ್ನುವುದು ಬೆಳೆಗಾರರಿಗೆ ಬೇಕಾದ ಮಾಹಿತಿಯೇ. ಪೂರ್ತಿ ಬೇಡ ಅಂದಿದ್ದರಿಂದಲೇ ಭಾವನೊಬ್ಬನಿಗೆ ಕಳ್ಳದಾರಿ ಸಿಕ್ಕಿತು. ವಾರದಲ್ಲಿ ಒಂದು ದಿನ ಎಲ್ಲ ಮಾರುವವರೂ ಒಂದೊಂದು ಮೆಸೇಜ್ ಹಾಕಲಿ ಅಂತ ಮಾಡಬಹುದು. ಅದನ್ನು ನೀವೇ ತೀರ್ಮಾನ ಮಾಡಬೇಡಿ, ಗ್ರೂಪಿನಲ್ಲೇ ಪೋಲ್ ಹಾಕಿ ಕೇಳಿ. ಆ ಇಬ್ಬರು ಔಷಧಿ ಮಾರುವವರನ್ನೂ ಮರೆಯಬೇಡಿ. ಒಂದೇ ನಿಯಮಕ್ಕೆ ಅವರು ಹೊರಗೆ, ಭಾವ ಒಳಗೆ. ಅವರನ್ನೂ ಕರೆಯಬೇಕಾಗುತ್ತದೆ.

ದೂರಿಗೂ ಒಂದು ಕ್ರಮ ಇರಲಿ. ಯಾರ ಹತ್ತಿರ ತಂದದ್ದು, ಯಾವ ದಿನ, ಎಷ್ಟು ಮೊಟ್ಟೆಯ ಹುಳು, ಈಗ ಹುಳು ಹೇಗಿದೆ ಅನ್ನುವುದನ್ನು ಫೋಟೊ ಸಮೇತ ಹಾಕಲಿ. ಬೈಗುಳ ಬೇಡ. ಮಾರಿದವರು ಅದರ ಕೆಳಗೇ ಉತ್ತರ ಕೊಡಲಿ. ಇನ್ನಿಬ್ಬರನ್ನು ಅಡ್ಮಿನ್ ಮಾಡಿ. ಅವರು ನಿಮ್ಮ ನೆಂಟರಾಗಿರಬಾರದು, ನಿಮ್ಮ ಹೋಬಳಿಯವರೇ ಆಗಿರಬೇಕು ಅಂತಲೂ ಇಲ್ಲ. ಒಬ್ಬರು ಹೆಣ್ಣುಮಗಳಾಗಿದ್ದರೆ ಒಳ್ಳೆಯದು. ಹುಳುಮನೆಯಲ್ಲಿ ಅರ್ಧಕ್ಕೂ ಜಾಸ್ತಿ ಕೆಲಸ ಮಾಡುವವರು ಅವರು, ಗ್ರೂಪಿನಲ್ಲಿ ಮಾತ್ರ ಅವರ ದನಿ ಕೇಳಿಸುವುದೇ ಅಪರೂಪ. ಯಾರನ್ನಾದರೂ ತೆಗೆಯಬೇಕಾದರೆ ಮೊದಲು ಎಚ್ಚರಿಕೆ ಕೊಡಬೇಕು, ಇಬ್ಬರು ಅಡ್ಮಿನ್ ಒಪ್ಪಬೇಕು, ಕಾರಣವನ್ನು ಗ್ರೂಪಿನಲ್ಲೇ ಬರೆಯಬೇಕು.

ಬಿಟ್ಟುಬಿಡಲೇ ಅಂತ ಕೇಳಿದಿರಿ. ಈಗ ಬಿಟ್ಟರೆ ಹುಡುಗ ಹೊರಗೇ ಉಳಿಯುತ್ತಾನೆ, ನೀವು ಮಾತ್ರ ನಿರಾಳ ಆಗುತ್ತೀರಿ. ಇದನ್ನೆಲ್ಲ ಸರಿ ಮಾಡಿ, ಹೊಸ ಅಡ್ಮಿನ್‌ಗಳ ಕೈ ಕುದುರಲಿ. ಆಮೇಲೂ ಬೇಡ ಅನ್ನಿಸಿದರೆ ಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಹುಡುಗ. ಅವನಿಗೆ ಮೆಸೇಜ್ ಹಾಕಬೇಡಿ, ಫೋನ್ ಮಾಡಿ. ಬೆಳೆ ಏನಾಯಿತು ಅಂತ ಮೊದಲು ಕೇಳಿ. ಅವನು ಬೈದರೆ ಬೈಯಲಿ. ಆಮೇಲೆ ಗ್ರೂಪಿನಲ್ಲಿ ಸುತ್ತಿಬಳಸದೆ ಬರೆಯಿರಿ: 'ಹೋದ ತಿಂಗಳು ಹುಳು ಸತ್ತ ಬಗ್ಗೆ ಬಂದ ಮೆಸೇಜನ್ನು ನಾನು ಅಳಿಸಿದೆ, ಹಾಕಿದವರನ್ನು ತೆಗೆದೆ. ಚಾಕಿ ಕೇಂದ್ರ ನನ್ನ ಭಾವನದು. ನಾನು ಅದರಲ್ಲಿ ತೀರ್ಮಾನ ಮಾಡಬಾರದಿತ್ತು. ಕ್ಷಮಿಸಿ.' ವಾಪಸ್ ಬರುವುದಿಲ್ಲ ಅಂತ ಹುಡುಗ ಹೇಳಿದರೆ ಒತ್ತಾಯ ಮಾಡಬೇಡಿ, ಅದು ಅವನ ಇಷ್ಟ. ಅವನು ಬಂದರೂ ಬರದಿದ್ದರೂ ಈ ನಾಲ್ಕು ಸಾಲು ಗ್ರೂಪಿನಲ್ಲಿ ಹಾಕಿ.