ತುಮಕೂರಿನಲ್ಲಿ ಬೇಸಿಗೆ ಉತ್ಸವ: ನೃತ್ಯ, ಪರಿಸರ, ವಿಜ್ಞಾನ ಮೂರನ್ನೂ ಸೇರಿಸುವುದು ಹೇಗೆ?

ತುಮಕೂರಿನಲ್ಲಿ ಭರತನಾಟ್ಯದ ಕ್ಲಾಸ್ ನಡೆಸುತ್ತೀರಿ, ಮೇ ತಿಂಗಳಲ್ಲಿ ಮಕ್ಕಳ ಉತ್ಸವ ಮಾಡಬೇಕು, ಅದರಲ್ಲಿ ಪರಿಸರ, ವಿಜ್ಞಾನ ಎರಡೂ ಇರಬೇಕು, ಆದರೆ ‘ಮರ ಉಳಿಸಿ’ ಬೋರ್ಡ್ ಹಿಡಿದು ಕುಣಿದ ಹಾಗೆ ಆಗಬಾರದು ಅಂತ ಕೇಳಿದ್ದೀರಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ನೃತ್ಯ ಬರುವುದಿಲ್ಲ, ನೋಡಿ ಗೊತ್ತು ಅಷ್ಟೇ.

ಭೂಮಿತಾಯಿ ಪಾತ್ರ, ಕೊಡಲಿ ಹಿಡಿದ ಖಳನಾಯಕ, ಕೊನೆಗೆ ಎಲ್ಲರೂ ಸಸಿ ನೆಡುವುದು, ಇದಿಷ್ಟನ್ನು ಮೊದಲು ಕೈಬಿಡಿ. ಅದರಲ್ಲಿ ವಿಜ್ಞಾನಕ್ಕೆ ಜಾಗವೇ ಇಲ್ಲ. ಅದರ ಬದಲು ಓಡಾಟ, ನಡಿಗೆಯಲ್ಲೇ ಏನೋ ವಿಷಯ ಇರುವ ಒಂದು ಜೀವಿಯನ್ನು ಹಿಡಿದುಕೊಳ್ಳಿ. ಒಂದೇ ಸಾಕು. ದೂರ ಹೋಗುವುದೂ ಬೇಡ, ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬೇಸಿಗೆಯಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ.

ಈ ಹಕ್ಕಿ ಮೀನು ಹಿಡಿಯುವುದನ್ನು ನೋಡಿದ್ದೀರಾ? ಕಾಲು ಮುಳುಗುವಷ್ಟು ನೀರಿನಲ್ಲಿ ಕೊಕ್ಕನ್ನು ಅರ್ಧ ತೆರೆದು ಇಳಿಸಿ, ತಲೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುತ್ತದೆ, ಜೊತೆಗೆ ಕಾಲಿನಿಂದ ಕೆಸರು ಕೆದಕಿ ಅಡಗಿರುವ ಮೀನನ್ನು ಎಬ್ಬಿಸುತ್ತದೆ. ಕಣ್ಣಿಗಿಂತ ಕೊಕ್ಕಿನ ಸ್ಪರ್ಶವನ್ನೇ ಜಾಸ್ತಿ ನಂಬುತ್ತದೆ. ತಗುಲಿದ ತಕ್ಷಣ ಟಪ್ ಅಂತ ಮುಚ್ಚುತ್ತದೆ. ನಮ್ಮ ಕೆರೆಗಳ ಕಲಕಿದ ನೀರಿನಲ್ಲಿ ಕಣ್ಣಿಗೆ ತಾನೇ ಏನು ಕಂಡೀತು, ಅಲ್ವಾ?

ಇದನ್ನು ಅಂಗಳದಲ್ಲಿ ಆಡಿಸಿ. ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಬರೆಯಿರಿ, ಅದೇ ಕೆರೆ. ಒಂದಷ್ಟು ಮಕ್ಕಳು ಮೀನು, ಅಲ್ಲಲ್ಲಿ ಕುಕ್ಕರುಗಾಲಲ್ಲಿ ಕೂರಲಿ. ಹತ್ತಿರದಲ್ಲಿ ಯಾರಾದರೂ ನೆಲ ತಟ್ಟಿದರೆ ಮಾತ್ರ ಜಾಗ ಬದಲಿಸಬೇಕು. ಕೊಕ್ಕರೆಗಳಿಗೆ ಕಣ್ಣಿಗೆ ಬಟ್ಟೆ, ಎರಡು ಕೈಯೇ ಅರ್ಧ ತೆರೆದ ಕೊಕ್ಕು. ಮೊದಲ ಸುತ್ತು ಸುಮ್ನೆ ನಡೆಯಲಿ. ಎರಡನೇ ಸುತ್ತಿಗೆ ನಿಮ್ಮ ತಟ್ಟಡವು, ಅಂದರೆ ಪಾದದಿಂದ ನೆಲ ತಟ್ಟುವ ಹೆಜ್ಜೆ ಸೇರಿಸಿ. ಎಷ್ಟು ಮೀನು ಸಿಕ್ಕಿತು ಅಂತ ಬೋರ್ಡಿನ ಮೇಲೆ ಬರೆಯಿರಿ, ಗುಂಪು ಬದಲಿಸಿ ಮತ್ತೆ ಮಾಡಿಸಿ, ಒಂದೇ ಸಲ ಎಣಿಸಿ ತೀರ್ಮಾನಕ್ಕೆ ಬರಬೇಡಿ. ಆಟದ ನಿಯಮ ನಾವೇ ಮಾಡಿದ್ದು, ಹಾಗಾಗಿ ಇದು ಹಕ್ಕಿಯ ಬಗ್ಗೆ ಪುರಾವೆ ಅಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳಿ. ಅದು ಗೊತ್ತಾದರೆ ಅರ್ಧ ವಿಜ್ಞಾನ ಕಲಿತ ಹಾಗೆ.

ಆಮೇಲೆ ವೃತ್ತವನ್ನು ಅಳಿಸಿ ಚಿಕ್ಕದಾಗಿ ಬರೆಯಿರಿ. ಬೇಸಿಗೆಯಲ್ಲಿ ಕೆರೆ ಬತ್ತುತ್ತಿದೆ. ಹಕ್ಕಿಗೆ ಕಷ್ಟ ಶುರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಮೀನುಗಳು ಒತ್ತೊತ್ತಾಗಿ ಸೇರುವುದರಿಂದ ಮೊದಮೊದಲು ಜಾಸ್ತಿಯೇ ಸಿಗುತ್ತವೆ. ಕೊಕ್ಕರೆಗಳಿಗೆ ಇಳಿಯುವ ನೀರು ಒಂದು ಮಟ್ಟದವರೆಗೆ ಹಬ್ಬದೂಟವೇ. ಇನ್ನೂ ಚಿಕ್ಕದು ಮಾಡಿ, ಸಿಕ್ಕಿಬಿದ್ದ ಮೀನುಗಳನ್ನು ಹೊರಗೆ ಕೂರಿಸುತ್ತಾ ಹೋಗಿ. ಒಂದು ಹಂತದಲ್ಲಿ ಕೊಕ್ಕರೆಗಳು ಖಾಲಿ ಜಾಗದಲ್ಲಿ ತಲೆ ಬೀಸುತ್ತಾ ನಡೆಯುತ್ತಿರುತ್ತವೆ. ಶಿರಾ, ಪಾವಗಡ ಕಡೆಯ ಮಕ್ಕಳಿಗೆ ಬತ್ತಿದ ಕೆರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ನೃತ್ಯದ ಮುಖ್ಯ ಭಾಗ ಇದೇ ಆಗಲಿ, ನಿರೂಪಣೆ ಬೇಡ.

ಇನ್ನೂ ಬೇಕಾದರೆ ಬಿಸಿಲಿದೆ. ಕೊಕ್ಕರೆ ತನ್ನ ಕಾಲಿನ ಮೇಲೆ ತಾನೇ ಹಿಕ್ಕೆ ಹಾಕಿಕೊಳ್ಳುತ್ತದೆ, ಅದರ ನೀರಿನಂಶ ಆರುವಾಗ ಮೈ ತಂಪಾಗುತ್ತದೆ. ಗುಲಾಬಿ ಕಾಲು ಬಿಳಿಬಿಳಿ ಕಾಣುವುದು ಅದಕ್ಕೇ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ನಗಲಿ. ಮೊಣಕೈಗೆ ನೀರು ಹಚ್ಚಿ ಊದಿಕೊಳ್ಳಲು ಹೇಳಿ, ವಿಷಯ ತಾನಾಗೇ ಅರ್ಥವಾಗುತ್ತದೆ. ಬಿಸಿಲೇರಿದಾಗ ಮರಿಗಳ ಮೇಲೆ ರೆಕ್ಕೆ ಬಿಚ್ಚಿ ನೆರಳು ಕೊಡುವುದನ್ನು ಅಭಿನಯಕ್ಕೆ ಬಳಸಿಕೊಳ್ಳುವುದು ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಜೇನುಹುಳದ ಕುಣಿತ ಯಾಕೆ ಬೇಡ ಅಂತ ಕೇಳಬಹುದು. ಅದೂ ಚೆನ್ನಾಗಿದೆ. ಹೂವು ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿದೆ ಅಂತ ಕುಣಿದು ಹೇಳುತ್ತದೆ. ಇದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಸಿಕ್ಕಿತು. ಆದರೆ ಜೇನುಗೂಡಿನ ಹತ್ತಿರ ಮಕ್ಕಳನ್ನು ಕರೆದುಕೊಂಡು ಹೋಗುವ ಧೈರ್ಯ ನನಗಿಲ್ಲ. ‘ಸೈನ್ಸ್’ ಪತ್ರಿಕೆ 2008ರಿಂದ ಪಿಎಚ್‌ಡಿ ವಿಷಯವನ್ನು ಕುಣಿದು ತೋರಿಸುವ ಸ್ಪರ್ಧೆ ನಡೆಸುತ್ತಿದೆ, ಅದರ ವಿಡಿಯೋ ಒಂದೆರಡು ನೋಡಿ, ಸಾಕು.

ಕಗ್ಗಲಡುವಿಗೆ ಬೆಳಿಗ್ಗೆ ಬೇಗ ಹೋಗಿ. ತಮಟೆ, ಸ್ಪೀಕರ್ ಯಾವುದೂ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಗೂಡಿರುವ ಮರದ ಕೆಳಗೆ ಗುಂಪು ಕಟ್ಟಬೇಡಿ. ಮೊದಲ ಸಲ ಹೋದಾಗ ಫೋನ್ ಬ್ಯಾಗಿನಲ್ಲೇ ಇರಲಿ, ಒಬ್ಬೊಬ್ಬ ಮಗು ಒಂದೊಂದೇ ಹಕ್ಕಿಯನ್ನು ನೋಡಲಿ.

ತಾಳಕ್ಕೆ ರೆಕಾರ್ಡ್ ಹಾಕಬೇಡಿ. ನಮ್ಮ ಜಿಲ್ಲೆಯಲ್ಲಿ ಸೋಮನ ಕುಣಿತದವರು, ತಮಟೆಯವರು ಇದ್ದಾರೆ. ಅವರನ್ನು ಅಭ್ಯಾಸಕ್ಕೇ ಕರೆಸಿ, ಮಕ್ಕಳ ಹೆಜ್ಜೆ ನೋಡಿ ಅವರೇ ಬಡಿತ ಹಾಕಲಿ. ಶಾಲು, ಹಾರ ಹಾಕಿ ಕಳಿಸುವುದಲ್ಲ, ಅಭ್ಯಾಸದ ದಿನಗಳಿಗೂ ಸೇರಿಸಿ ದುಡ್ಡು ಕೊಡಿ.

ವಿಜ್ಞಾನಿ ಬೇಕಾ ಅಂತಲೂ ಕೇಳಿದ್ದೀರಿ. ಊರಿನ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರು ಸಾಕು. ಅವರನ್ನು ವೇದಿಕೆಯಲ್ಲಿ ಕೂರಿಸಿ ಭಾಷಣ ಮಾಡಿಸಬೇಡಿ, ಅಭ್ಯಾಸದ ಹೊತ್ತಿಗೆ ಬಂದು ‘ಕೊಕ್ಕರೆ ಹೀಗೆ ತಿರುಗಲ್ಲ’ ಅಂತ ತಪ್ಪು ಹೇಳಲಿ.